ಬೇರಿಗೂ ಉಸಿರು ಬೇಕಂತೆ ಅವ್ವ

ಗೆಳೆಯರೇ, ಇವತ್ತು ಧರಣಿ, ಮನವಿ ಪತ್ರದ ಸುದ್ದಿ ಇಲ್ಲ. ಒಂದು ಮನಿ ಪ್ಲಾಂಟ್ ಸುದ್ದಿ. ಆದರೂ ಓದಿ.

ಏಪ್ರಿಲ್ 14ಕ್ಕೆ ಹೊನ್ನಾಳಿಯಲ್ಲಿ ಬಾಬಾಸಾಹೇಬರ ಜಯಂತಿಗೆ ಮಾತಾಡೋಕೆ ಹೋಗಿದ್ದೆ. ಹಾರ, ಶಾಲು ಬೇಡ ಅಂದಿದ್ದಕ್ಕೆ ಹುಡುಗರು ಚಂದದ ಪಿಂಗಾಣಿ ಕುಂಡದಲ್ಲಿ ಈ ಗಿಡ ಕೊಟ್ಟರು. ಚನ್ನಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಕೆಳಗೆ ಇಟ್ಟೆವು. ಜುಲೈ ಹೊತ್ತಿಗೆ ಎಲೆಗಳು ಹಳದಿಯಾಗಿ ಜೋತುಬಿದ್ದವು.

ಎಲೆ ಬಾಡಿದ್ದು ಕಂಡರೆ ಅವ್ವನಿಗೆ ತಡೆಯೋಕಾಗಲ್ಲ. "ಪಾಪ, ಬಾಯಾರೈತೆ" ಅಂತ ಒಂದು ಚೊಂಬು ನೀರು. ಆಫೀಸಿಗೆ ಹೊರಡೋ ಮುಂಚೆ ನನ್ನದೊಂದು ಚೊಂಬು. ಹಾಕಿದಷ್ಟೂ ಬಾಡಿತು. ಮಗಳು ಮೊಬೈಲ್ ನೋಡಿ, "ಅಜ್ಜಿ, ನೀನೇ ನೀರು ಹಾಕಿ ಹಾಕಿ ಸಾಯಿಸಿದ್ದೀಯ" ಅಂದಳು. ಅವ್ವ ಏನೂ ಅನ್ನದೆ ಒಳಗೆ ಹೋದಳು. ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಮಗಳಿಗೆ ಗೊತ್ತಿರದ ಕತೆ ಒಂದಿದೆ. ಅವ್ವ ಜಗಳೂರು ಸೀಮೆಯವಳು. ಮಳೆ ಕೈಕೊಡೋ ಸೀಮೆ. ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯಲ್ಲಿ ನೀರು ಮುಟ್ಟಿ ಕುಡಿದದ್ದು 1927ರ ಮಾರ್ಚ್ 20ಕ್ಕೆ. ಅದಾಗಿ ಎಷ್ಟೋ ವರ್ಷ ಆದಮೇಲೂ ಅವ್ವ ಊರ ಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದಳು. ಸೇದೋರು ಮನಸ್ಸು ಬಂದರೆ ಮೇಲಿಂದ ಸುರೀತಿದ್ದರು, ಇಲ್ಲದಿದ್ದರೆ ಮಧ್ಯಾಹ್ನದವರೆಗೂ ಖಾಲಿ ಕೊಡ. ಭದ್ರಾ ಕಾಲುವೆಯ ಈ ಅಡಿಕೆ ನಾಡಿಗೆ ಬಂದು, ಮನೆಯೊಳಗೇ ನಲ್ಲಿ ಕಂಡವಳು ಒಂದು ಗಿಡವನ್ನ ಬಾಯಾರಿಸಿ ಕೂರ್ತಾಳಾ?

ನ್ಯಾಮತಿ ಕಡೆಯ ನಮ್ಮ ಸಂಘಟನೆಯ ಹಿರಿಯಣ್ಣನಿಗೆ ಫೋನ್ ಮಾಡಿದೆ. ಕೂಲಿ ಮಾಡುತ್ತಾ ಎಷ್ಟೋ ಅಡಿಕೆ ತೋಟಗಳಿಗೆ ಬಸಿಗಾಲುವೆ ತೋಡಿದ ಕೈ ಅವರದು. "ಕುಂಡದ ತಳದಲ್ಲಿ ತೂತು ಐತಾ ನೋಡು" ಅಂದರು. ಇರಲಿಲ್ಲ. "ನೀರು ನಿಂತ ತೋಟ ನೋಡಿಲ್ಲೇನು? ಬೇರಿಗೂ ಉಸಿರು ಬೇಕು ಕಣಪ್ಪ. ಉಸಿರು ಕಟ್ಟಿದ ಬೇರು ನೀರು ಎಳೆಯಲ್ಲ. ಅದಕ್ಕೇ ಒದ್ದೆಯಲ್ಲೇ ಬಾಡ್ತದೆ."

ಭಾನುವಾರ ಗಿಡ ಹೊರಗೆ ತೆಗೆದೆ. ಮಣ್ಣು ಚರಂಡಿ ವಾಸನೆ. ಬೇರು ಮುಕ್ಕಾಲು ಪಾಲು ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಕೈಗೆ ಬರ್ತಿತ್ತು. ಬೆಳ್ಳಗೆ ಗಟ್ಟಿ ಇದ್ದದ್ದು ನಾಲ್ಕೈದು ಎಳೆ ಮಾತ್ರ. ನಲ್ಲಿ ಕೆಳಗೆ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕೊಳೆತದ್ದೆಲ್ಲ ಕತ್ತರಿಸಿದೆ. ಉಳಿದ ಬೇರಿಗೆ ಭಾರ ಆಗದಿರಲಿ ಅಂತ ಹಳದಿ ಎಲೆಗಳನ್ನೂ ತೆಗೆದೆ. ಹಳೇ ಮಣ್ಣು ಪೂರ್ತಿ ಚೆಲ್ಲಿದೆ. ಹಳೇ ಪ್ಲಾಸ್ಟಿಕ್ ಡಬ್ಬಿಗೆ ಕಾಯಿಸಿದ ಮೊಳೆಯಿಂದ ಆರು ತೂತು ಕೊರೆದು, ಕೆಂಪು ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ನೆಟ್ಟೆ. ಸ್ವಲ್ಪವೇ ನೀರು. ಚಿಗುರೋವರೆಗೆ ಗೊಬ್ಬರ ಇಲ್ಲ. ಬೆಳಕಿರೋ, ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಇಟ್ಟೆ.

ಉಳಿಯುತ್ತೋ ಇಲ್ಲವೋ ಅಂತ, ಗಟ್ಟಿ ಬಳ್ಳಿಯೊಂದನ್ನ ಗಿಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಗೂ ಹಾಕಿದೆ. ಅವ್ವ ಕೇಳಿದಳು: "ಇದನ್ನ ನೀರಲ್ಲೇ ಬಿಟ್ಟೀಯಲ್ಲೋ, ಕೊಳೆಯಲ್ವಾ?"

"ಇಲ್ಲವ್ವ, ನೀರಲ್ಲೇ ಹುಟ್ಟೋ ಬೇರು ನೀರಿಗೆ ಒಗ್ಗಿರ್ತದೆ. ಆಗಾಗ ನೀರು ಬದಲಾಯಿಸಿದರೆ ಗಾಳಿಯೂ ಸಿಗ್ತದೆ. ಕೊಳೆಸಿದ್ದು ನೀರಲ್ಲ, ಹೋಗೋಕೆ ದಾರಿ ಇಲ್ಲದೆ ನಿಂತ ನೀರು."

ಅವ್ವ ಸ್ವಲ್ಪ ಹೊತ್ತು ಬಾಟಲಿ ನೋಡಿ, "ಹಂಗಾದ್ರೆ ತಪ್ಪು ಕುಂಡದ್ದು" ಅಂದಳು.

ಹೌದು, ಕುಂಡದ್ದೇ. ನಾನು ನಕ್ಕೆ. ಆಮೇಲೆ ನಗೋಕಾಗಲಿಲ್ಲ. ಬಾಡಿದ ನಮ್ಮ ಮಕ್ಕಳನ್ನ ನೋಡಿ "ಇಷ್ಟು ಕೊಟ್ಟರೂ ಇವರು ಇಷ್ಟೇ" ಅನ್ನೋ ಮಾತು ನನ್ನ ನೌಕರಿಯಲ್ಲಿ ಎಷ್ಟು ಸಲ ಕೇಳಿದ್ದೀನೋ. ಕುಂಡದ ತಳ ನೋಡಿದೋರು ಮಾತ್ರ ಕಡಿಮೆ.

ಆರು ವಾರ ಆಯ್ತು. ಡಬ್ಬಿಯಲ್ಲಿ ಎರಡು ಹೊಸ ಎಲೆ, ಬಾಟಲಿಯಲ್ಲಿ ಬಿಳೀ ಬೇರು. ಈಗ ಅವ್ವ ಮಣ್ಣಿಗೆ ಬೆರಳು ಇಳಿಸಿ, ಒಂದು ಗೆಣ್ಣು ಆಳ ಒಣಗಿದ್ದರೆ ಮಾತ್ರ ನೀರು ಹಾಕ್ತಾಳೆ. ಪಕ್ಕದಲ್ಲಿ ಮಗಳು ಕೂತು ಜಗಳೂರಿನ ಬಾವಿ ಕತೆ ಕೇಳ್ತಾಳೆ.

ಬಾಟಲಿ ಗಿಡ ಹೊನ್ನಾಳಿ ಹುಡುಗರಿಗೆ ವಾಪಸ್ ಕೊಡ್ತೀನಿ. ತಮ್ಮಂದಿರೇ, ಮುಂದಿನ ಜಯಂತಿಗೆ ತೂತಿರೋ ಕುಂಡ ತನ್ನಿ.

ಜೈ ಭೀಮ್.