ಚೌಕು ಮಡಿಯ ಹುಚ್ಚು

ಬೆಳೆ ನಿಂತ ಹೊಲ ಯಾರಿಗಾದರೂ ಚಂದ. ನನಗೆ ಖಾಲಿ ಹೊಲದ ಮೇಲೆ ಮೋಹ, ಅದೂ ಆಷಾಢದಲ್ಲಿ, ಚೌಕು ಮಡಿ ಕಟ್ಟಿ ಮುಗಿಸಿದ ಮೇಲೆ. ವಿಜಯಪುರದ ಜಲನಗರದ ನಮ್ಮ ಓಣಿಯಲ್ಲಿ ಇದೊಂದು ನಗೆಯ ಮಾತಾಗಿದೆ. "ಹೊಲದಾಗ ಏನ್ ಹಾಕೀರಿ ಸರ?" ಎಂದರೆ, "ಸದ್ಯ ಮಳಿ ಹಿಡ್ಯಾಕತ್ತೇವ್ರಿ" ಎನ್ನುತ್ತೇನೆ. ಸುಳ್ಳೇನಲ್ಲ.

ಬಬಲೇಶ್ವರದ ಕಡೆಯ ನಮ್ಮ ಹೊಲ ಅಪ್ಪಟ ಎರಿ, ಅಂದರೆ ಕಪ್ಪು ಮಣ್ಣು. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್ ಕೊನೆಗೆ, ಇಲ್ಲವೇ ಅಕ್ಟೋಬರಿನಲ್ಲಿ. ಅಲ್ಲಿಯವರೆಗಿನ ಮಳೆಯೆಲ್ಲ ಬರಿ ನೆಲಕ್ಕೇ. ವಿಜಯಪುರಕ್ಕೆ ವರ್ಷವಿಡೀ ಬೀಳುವುದೇ ಸುಮಾರು 600 ಮಿಲಿಮೀಟರ್. ಅದರಲ್ಲೂ ಬಹುಪಾಲು ಕೆಲವೇ ಹೊಡೆತಗಳಲ್ಲಿ ಸುರಿದು ಹೋಗುತ್ತದೆ. ಎರಿ ಮಣ್ಣು ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿಕೊಂಡು ನೀರು ಇಂಗುವುದು ನಿಧಾನವಾಗುತ್ತದೆ. ಮೇಲೆ ನಿಂತದ್ದು ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕಿಳಿಯುತ್ತದೆ, ಹಳ್ಳದಿಂದ ಡೋಣಿ ನದಿಗೆ. ಡೋಣಿಯಲ್ಲಿ ಹೂಳು ತುಂಬಿತೆಂದು ಬೈಯುವ ನಾವು, ಅದು ಯಾರ ಹೊಲದ್ದೆಂದು ಕೇಳುವುದಿಲ್ಲ.

ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದವರು ಹೇಳುತ್ತ ಬಂದ ಉಪಾಯ ಸರಳ: ಬಿದ್ದ ಮಳೆ ಬಿದ್ದಲ್ಲೇ ನಿಲ್ಲಲಿ. ಹೊಲವನ್ನೆಲ್ಲ ಹತ್ತು ಫೂಟಿನ ಚೌಕಗಳಾಗಿ ಕಟ್ಟುವುದು, ಇದೇ ಚೌಕು ಮಡಿ. ಎತ್ತಿನ ಹಿಂದೆ ಎರಡು ಹಲಗೆಗಳ ಸಾಧನ. ಮುಂದೆ ಅಗಲ, ಹಿಂದೆ ಇಕ್ಕಟ್ಟು. ಎಳೆದಂತೆ ಮಣ್ಣು ನಡುವೆ ಕೂಡಿ ಬದುವಾಗಿ ಏಳುತ್ತದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ.

ತೊಡಕಿರುವುದು ಅಡ್ಡ ಹೊಡೆಯುವಾಗ. ಎರಡನೇ ಸಲ ಹೋದ ಹಲಗೆ ಮೊದಲಿನ ಬದುವನ್ನು ಕೂಡುವ ಜಾಗದಲ್ಲಿ ಒಡೆದುಬಿಡುತ್ತದೆ. ಎತ್ತು ಬಿಚ್ಚಿದ ಮೇಲೆ ಸಲಿಕೆ ಹಿಡಿದು ಒಂದೊಂದೇ ಮೂಲೆ ಮುಚ್ಚಬೇಕು. ನನ್ನ ಪಾಲಿನ ಕೆಲಸ ಅದು, ಯಾರಿಗೂ ಬಿಟ್ಟುಕೊಡುವುದಿಲ್ಲ! ಒಂದು ಸಲಿಕೆ ಮಣ್ಣು, ಮೇಲೊಂದು ತಟ್ಟು, ಅಂಗಾಲಿನಿಂದ ಒಂದು ಒತ್ತು. ಮೂಲೆ ಗಟ್ಟಿಯಾದದ್ದು ಕಾಲಿಗೆ ಗೊತ್ತಾಗುತ್ತದೆ. ಒಂದು ಮೂಲೆ ಬಿಟ್ಟುಹೋದರೂ ಆ ಮಡಿಯ ನೀರು ಪಕ್ಕದ್ದನ್ನು ಒಡೆಯುತ್ತದೆ, ಅದು ಅದರ ಪಕ್ಕದ್ದನ್ನು. ದೊಡ್ಡ ಮಳೆಯ ಮರುದಿನ ಹೋಗಿ ನೋಡಿದರೆ ಹೊಲ ಕನ್ನಡಿ ಅಂಗಡಿಯ ಹಾಗೆ ಹೊಳೆಯುತ್ತಿರುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ ಗೆಳೆಯರಿಗೆ ಇದು ಬಡವರ ಆಟ. ಅವರ ಹನಿ ನೀರಾವರಿ, ಕೃಷಿ ಹೊಂಡ ಎರಡೂ ನೀರಿನ ಬೆಲೆ ಬಲ್ಲವರ ಕೆಲಸವೇ, ತೆಗಳಲಾರೆ. ಆದರೆ ಬೋರು ಬತ್ತಿದ ವರ್ಷ ಟ್ಯಾಂಕರ್ ಕಾಯುವ ತಾಪತ್ರಯ ನನ್ನ ಜೋಳಕ್ಕಿಲ್ಲ. ಮಮದಾಪುರದ ಆದಿಲ್‌ಶಾಹಿ ಕಾಲದ ಕೆರೆಗೆ ಈಗ ಕೃಷ್ಣೆಯ ನೀರು ಬಂದಿದೆ, ಸಂತೋಷ. ಕಾಲುವೆ ಮುಟ್ಟದ ಹೊಲಕ್ಕೆ ನೆಲದೊಳಗಿನ ಹಸಿಯೇ ಗತಿ.

ಮಾಲದಂಡಿ ಜೋಳ ಬಿತ್ತಿದ ಮೇಲೆ ಮಳೆ ಬಂದರೆ ಅದು ಲಾಭ. ಬರದಿದ್ದರೆ ಎಡಿ ಹೊಡೆದು ಬಿರುಕು ಮುಚ್ಚುತ್ತ ಒಳಗಿನ ಹಸಿ ಕಾಯುವುದು. ಅಂಚಿಗೆ ಕುಸುಬಿ ಹಾಕಿದರೆ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ತೆನೆ ಎದೆಮಟ್ಟ ಬಂದಿದ್ದರೆ ಸಜ್ಜಿ ರೊಟ್ಟಿಗೆ ರುಚಿ ಹೆಚ್ಚು.

ಗಳೆ ಹೊಡೆಯುವ ಕಾಕಾನ ಜೊತೆ ಸದ್ಯ ಒಂದು ತಕರಾರು ನಡೆದಿದೆ. ಹಳ್ಳದ ಮಗ್ಗುಲಿನ ಇಳಿಜಾರಿಗೂ ಮಡಿ ಹತ್ತು ಫೂಟೇ ಸಾಕೆಂದು ಅವರು. ಇಳಿಜಾರು ಹೆಚ್ಚಾದಂತೆ ಚೌಕ ಸಣ್ಣದಾಗಬೇಕೆಂದು ನಾನು. "ಮೂಲಿ ಮುಚ್ಚಾಂವ ನೀನ ಅಲ್ಲೇನು ತಮ್ಮಾ? ಹಂಗಾದ್ರ ಎಂಟಕ್ಕ ಹೊಡಿತೀನಿ ತಗೋ" ಎಂದು ಮೊನ್ನೆ ಎತ್ತು ತಿರುಗಿಸಿದರು.