ದೊಡ್ಡಪ್ಪನ ಕಂಬವಿಲ್ಲದ ರೇಡಿಯೋ

ನಮ್ಮ ದೊಡ್ಡಪ್ಪ ಸುಳ್ಳು ಹೇಳುತ್ತಾರೆ ಅಂತ ನಾವು ಮಕ್ಕಳೆಲ್ಲ ಸೇರಿ ತೀರ್ಮಾನ ಮಾಡಿದ್ದು ಒಂದು ಮೇ ತಿಂಗಳ ರಜೆಯಲ್ಲಿ. ಅಂಕೋಲೆಯ ಮನೆ. ಜಗಲಿಯ ತುಂಬ ಕರಿ ಇಶಾಡು ಮಾವಿನಹಣ್ಣಿನ ಪರಿಮಳ. ಮೂಲೆಯ ಕಪಾಟಿನ ಮೇಲೆ ದೊಡ್ಡಪ್ಪನ ಹಳೇ ಮರ್ಫಿ ರೇಡಿಯೋ. ಅದನ್ನು ಮುಟ್ಟುವ ಹಕ್ಕು ಅವರೊಬ್ಬರಿಗೇ. ಧಾರವಾಡದ 765 ಕಿಲೋಹರ್ಟ್ಸ್‌ಗೆ ಮುಳ್ಳು ತಂದು ನಿಲ್ಲಿಸುವುದೆಂದರೆ ಅವರಿಗೆ ಪೂಜೆ ಇದ್ದ ಹಾಗೆ. ಕತ್ತಲಾದ ಮೇಲೆ ಧಾರವಾಡದ ನಡುವೆ ಯಾವುದೋ ಅರಬಿ ಹಾಡು ನುಗ್ಗುತ್ತಿತ್ತು. ದೊಡ್ಡಪ್ಪ ರೇಡಿಯೋದ ನೆತ್ತಿಗೆ ಒಂದು ಮೊಟಕುತ್ತಿದ್ದರು.

ಅಷ್ಟರಲ್ಲಿ ಕಾರವಾರದಲ್ಲೇ ಆಕಾಶವಾಣಿ ಬಂದಿತ್ತು, ಎಫ್.ಎಂ. 102.3. ಕಾರವಾರದ ಅತ್ತೆಯ ಮಗನಿಗೆ ಅದರದೇ ಜಂಬ. ಅವರ ಮನೆಯ ಟೆರೇಸಿನಿಂದ ಟವರಿನ ಕೆಂಪು ದೀಪ ಕಾಣುತ್ತದಂತೆ. ಕಂಬ ಎಷ್ಟು ಎತ್ತರವೋ ರೇಡಿಯೋ ಅಷ್ಟು ದೂರ ಅಂತ ನಮಗೆಲ್ಲ ಪಾಠ ಮಾಡುತ್ತಿದ್ದ.

ಅದನ್ನು ಕೇಳಿಸಿಕೊಂಡ ದೊಡ್ಡಪ್ಪ ಒಂದು ಸಂಜೆ, "ತಮಾ, ಕಂಬ ಇಲ್ದಿದ್ದ ರೇಡಿಯೋ ಸ್ಟೇಷನ್ ನಾ ಕಂಡಿದೆ" ಅಂದರು.

ಹುಡುಗರಾಗಿದ್ದಾಗ ಅವರು ಕ್ಯಾಸಲ್‌ರಾಕಿನಲ್ಲಿ ನಾಟಾ ಕಂಟ್ರಾಕ್ಟರ್ ಒಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದರು. ಮಳೆ ಶುರುವಾದರೆ ನಿಲ್ಲದ ಊರು, ಕಾಲಿಗೆ ಉಂಬಳ. ಅಲ್ಲಿ ಕಾಡಿನೊಳಗೆ ಒಂದು ಟ್ರಕ್ಕು ಇತ್ತಂತೆ. ಟ್ರಕ್ಕಿನಲ್ಲಿ ರೇಡಿಯೋ. ಒಬ್ಬ ಗಂಡಸು, ಒಬ್ಬ ಹೆಂಗಸು ಕಾಡಿನಲ್ಲೇ ಇದ್ದುಕೊಂಡು ಕೊಂಕಣಿಯಲ್ಲಿ, ಪರಂಗಿ ಭಾಷೆಯಲ್ಲಿ ಗೋವಾದವರ ಜೊತೆ ಮಾತಾಡುತ್ತಿದ್ದರಂತೆ.

ಅತ್ತೆಯ ಮಗ ಕೇಳಿದ, "ಮಾವ, ಹಾಗಾದ್ರೆ ಕಂಬ ಎಲ್ಲಿತ್ತು?"

"ಕಂಬ ಇದ್ರೆ ಪರಂಗಿಯವ್ರು ಬಿಡ್ತಿದ್ರನಾ?"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತಿನಿಂದ ಮನೆಯಲ್ಲಿ ಯಾರೇ ಬೊಗಳೆ ಬಿಟ್ಟರೂ ಅದಕ್ಕೆ 'ಕ್ಯಾಸಲ್‌ರಾಕ್ ಸ್ಟೇಷನ್' ಅಂತಲೇ ಹೆಸರು. ದೊಡ್ಡಾಯಿ ಕೂಡ ನಗುತ್ತಿದ್ದಳು. ದೊಡ್ಡಪ್ಪ ಮಾತ್ರ ಆ ಕಥೆಯನ್ನು ಮತ್ತೆ ಹೇಳಲಿಲ್ಲ. 2012ರಲ್ಲಿ ಹೋಗಿಬಿಟ್ಟರು.

ಆಮೇಲೆ 2025ರ ಜನವರಿ. ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಅದರಲ್ಲಿ ಗೋವಾದ ಲಿಬಿಯಾ ಲೋಬೋ ಸರದೇಸಾಯಿ ಅಂತ ಒಂದು ಹೆಸರು, ಪದ್ಮಶ್ರೀ. ವಯಸ್ಸು ನೂರು! ಯಾಕೆ ಕೊಟ್ಟರು ಅಂತ ಓದುತ್ತಾ ಹೋದವನಿಗೆ ಕೈಯಲ್ಲಿದ್ದ ಚಹಾ ಆರಿದ್ದೇ ಗೊತ್ತಾಗಲಿಲ್ಲ. ಕಾಡಿನ ರೇಡಿಯೋ. ಕ್ಯಾಸಲ್‌ರಾಕ್. ಒಬ್ಬ ಗಂಡಸು, ಒಬ್ಬ ಹೆಂಗಸು.

ನಡೆದದ್ದು ಹೀಗೆ. 1955ರ ಆಗಸ್ಟ್ 15ರಂದು ಗೋವಾದ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಗಡಿ ಮುಚ್ಚಿತು. ಕ್ಯಾಸಲ್‌ರಾಕಿನಿಂದ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತಿದ್ದ ರೈಲೂ ನಿಂತಿತು. ಗೋವಾದೊಳಗಿನ ಪತ್ರಿಕೆಗಳಿಗೆ ಸೆನ್ಸಾರ್. ಹೊರಗಿನ ಸುದ್ದಿ ಒಳಗೆ ಹೋಗುವುದಕ್ಕೆ ಗಾಳಿಯೊಂದೇ ದಾರಿ. ಅದೇ ವರ್ಷ ನವೆಂಬರ್ 25ಕ್ಕೆ ವಾಮನ ಸರದೇಸಾಯಿ, ಲಿಬಿಯಾ ಲೋಬೋ ಮತ್ತವರ ಗೆಳೆಯರು ಮಹಾರಾಷ್ಟ್ರದ ಅಂಬೋಲಿ ಘಾಟಿನ ಕಾಡಿನಿಂದ ರಹಸ್ಯ ಬಾನುಲಿ ಶುರು ಮಾಡಿದರು. 1510ರಲ್ಲಿ ಅಲ್ಬುಕರ್ಕ್ ಗೋವಾ ಗೆದ್ದದ್ದೂ ನವೆಂಬರ್ 25ರಂದೇ! ಆಮೇಲೆ ಇಡೀ ವ್ಯವಸ್ಥೆಯನ್ನು ನಮ್ಮ ಜಿಲ್ಲೆಯ ಕ್ಯಾಸಲ್‌ರಾಕಿಗೆ ತಂದರು. ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ಪ್ರಸಾರ. 1961ರ ಡಿಸೆಂಬರ್‌ವರೆಗೆ, ಆರು ವರ್ಷ. ಮತ್ತೆ ಹೌದು, ಪ್ರೇಷಕ ಇದ್ದದ್ದು ಟ್ರಕ್ಕಿನಲ್ಲೇ.

ಹಾಗಾದರೆ ಕಂಬ? ನಮ್ಮ ಅತ್ತೆಯ ಮಗನ ಪಾಠ ಅರ್ಧ ಮಾತ್ರ ಸರಿ ಅಂತ ಈಗ ಗೊತ್ತಾಗಿದೆ. ಧಾರವಾಡದಂಥ ಮೀಡಿಯಂ ವೇವ್ ಸ್ಟೇಷನ್ನಿನಲ್ಲಿ ಆಂಟೆನಾವನ್ನು ಕಂಬದ ತುದಿಗೆ ಸಿಕ್ಕಿಸುವುದಿಲ್ಲ, ಕಂಬವೇ ಆಂಟೆನಾ. 765 ಕಿಲೋಹರ್ಟ್ಸ್ ಅಂದರೆ ಅಲೆಯ ಉದ್ದ 392 ಮೀಟರ್. ಅದರ ಕಾಲು ಭಾಗ ಅಂದರೂ 98 ಮೀಟರ್ ಆಯಿತು. ಅದಕ್ಕೇ ಮೀಡಿಯಂ ವೇವ್ ಕಂಬಗಳು ಅಷ್ಟೆತ್ತರ. ಇಂಥ ಕಂಬವನ್ನು ಸಾಮಾನ್ಯವಾಗಿ ನೆಲಕ್ಕೆ ತಾಗದಂತೆ ಪಿಂಗಾಣಿಯ ಮೇಲೆ ನಿಲ್ಲಿಸಿ, ಸುತ್ತಲೂ ಮಣ್ಣಿನೊಳಗೆ ತಾಮ್ರದ ತಂತಿ ಹೂಳುತ್ತಾರೆ. ಎಫ್.ಎಂ. ಹಾಗಲ್ಲ. 102.3 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರಿಗಿಂತ ಸ್ವಲ್ಪ ಕಮ್ಮಿ, ಆಂಟೆನಾ ಒಂದು ಆಳಿಗಿಂತ ದೊಡ್ಡದಿರಬೇಕಿಲ್ಲ. ಆದರೆ ಆ ಅಲೆ ಹೆಚ್ಚುಕಮ್ಮಿ ಬೆಳಕಿನ ಹಾಗೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ಕಾರವಾರದಿಂದ ಅಂಕೋಲೆಗೆ ಬರುವಷ್ಟರಲ್ಲಿ ಗುಡ್ಡಗಳಿಗೇನು ಬರ? ಅದಕ್ಕೇ ಪುಟ್ಟ ಆಂಟೆನಾವನ್ನು ಎತ್ತಿ ಹಿಡಿಯಲು ಟವರ್ ಬೇಕು. ಇನ್ನು ಶಾರ್ಟ್ ವೇವ್‌ನ ಸಣ್ಣ ಪ್ರೇಷಕಕ್ಕಾದರೆ ಎರಡು ಮರಗಳ ನಡುವೆ ಎಳೆದ ತಂತಿಯೂ ಸಾಕಾಗುತ್ತದೆ. ಕ್ಯಾಸಲ್‌ರಾಕಿನಲ್ಲಿ ಮರಕ್ಕೆ ಬರಗಾಲವೇ?

ದೊಡ್ಡಪ್ಪನ ಎರಡನೇ ಮಾತೂ ಸುಳ್ಳಲ್ಲ. ಕಂಬ ಇದ್ದರೆ ಬಿಡುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಗೋವಾದಲ್ಲೇ ಇದೆ, ಆದರೆ ಉಲ್ಟಾ. ಪೋರ್ಚುಗೀಸರ ಸರ್ಕಾರಿ ಬಾನುಲಿ ಎಮಿಸೋರಾ ದ ಗೋವಾ. ಬಾಂಬೋಳಿಯ ನಿಸ್ತಂತು ಕೇಂದ್ರ ಎಲ್ಲರಿಗೂ ಗೊತ್ತಿದ್ದ ಜಾಗ. 1961ರ ಡಿಸೆಂಬರ್ 18ರ ಬೆಳಿಗ್ಗೆ ಭಾರತೀಯ ವಾಯುಪಡೆಯ ಹಂಟರ್ ವಿಮಾನಗಳು ಹೋಗಿ ಅದನ್ನು ಹೊಡೆದುಹಾಕಿದವು. ಕಾಡಿನ ಟ್ರಕ್ಕನ್ನು ಆರು ವರ್ಷವೂ ಯಾರಿಗೂ ಮುಗಿಸಲಾಗಲಿಲ್ಲ. ಗೋವಾ ಬಿಡುಗಡೆಯಾದಾಗ ವಾಮನ ಮತ್ತು ಲಿಬಿಯಾ ವಿಮಾನ ಹತ್ತಿ, ಧ್ವನಿವರ್ಧಕದಲ್ಲಿ ಆಕಾಶದಿಂದಲೇ ಸುದ್ದಿ ಸಾರಿದರು. ಮುಂದೆ ಇಬ್ಬರೂ ಮದುವೆಯಾದರು.

ಇದನ್ನೆಲ್ಲ ಓದಿದ ರಾತ್ರಿಯೇ ಅತ್ತೆಯ ಮಗನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಸುಮ್ಮನಾದ. ಆಮೇಲೆ, "ಎಷ್ಟ್ ನಗಾಡಿದ್ವಲ್ಲೋ..." ಅಂದ. ಅಷ್ಟೇ.

ಕಳೆದ ನವೆಂಬರಿನಲ್ಲಿ ಕ್ಯಾಸಲ್‌ರಾಕಿಗೂ ಹೋಗಿಬಂದೆ. ಸ್ಟೇಷನ್ನು, ಮಂಜು, ಘಟ್ಟ ಇಳಿಯಲು ಕಾಯುತ್ತಿದ್ದ ಗೂಡ್ಸ್ ಗಾಡಿ. ಟ್ರಕ್ಕು ಯಾವ ಕಡೆ ನಿಲ್ಲುತ್ತಿತ್ತು ಅಂತ ಯಾರನ್ನು ಕೇಳುವುದು? ದೊಡ್ಡಪ್ಪ ಕಣ್ಣಾರೆ ಕಂಡಿದ್ದರೋ, ಚಹಾದಂಗಡಿಯಲ್ಲಿ ಕೇಳಿದ್ದನ್ನೇ ಕಂಡಿದ್ದೇನೆ ಅಂದರೋ, ಅದನ್ನೂ ಕೇಳುವ ಹಾಗಿಲ್ಲ. ನಾವು ನಗದೇ ಇದ್ದಿದ್ದರೆ ಆ ಸಂಜೆಯೇ ಕೇಳಬಹುದಿತ್ತು. ಅವರು ಇನ್ನೂ ಏನೇನೋ ಹೇಳುವವರಿದ್ದರು. ಬಾಯಿ ತೆರೆದಿದ್ದರು, ನಾವು ನಕ್ಕೆವು.

ಮರ್ಫಿ ಈಗಲೂ ಅಂಕೋಲೆಯ ಕಪಾಟಿನ ಮೇಲಿದೆ. ಮಾತಾಡುವುದಿಲ್ಲ. ಮುಳ್ಳು ಮಾತ್ರ ದೊಡ್ಡಪ್ಪ ಬಿಟ್ಟಲ್ಲೇ ನಿಂತಿದೆ, ನಾನು ತಿರುಗಿಸಿಲ್ಲ.

ನಿಮ್ಮ ಮನೆಯಲ್ಲೂ ಇಂಥ 'ಸುಳ್ಳು' ಹೇಳುವ ಅಜ್ಜ, ದೊಡ್ಡಪ್ಪ ಇದ್ದರೆ ಈ ಭಾನುವಾರ ಹೋಗಿ ಕೂತು ಕೇಳಿ. ಕೇಳಿದ್ದನ್ನು ಬ್ಲಾಗಿನಲ್ಲಿ ಬರೆದುಬಿಡಿ. ನಿಜವೋ ಸುಳ್ಳೋ ಆಮೇಲೆ ನೋಡೋಣ.