ಬಿಸಿಲು ಬೆಳೆಯುವ ಸೀಮೆ

ತುಮಕೂರು ಜಿಲ್ಲೆಯ ಪಾವಗಡವನ್ನು ಭೂಪಟದಲ್ಲಿ ನೋಡಿದರೆ, ಆಂಧ್ರದ ಮಡಿಲಲ್ಲಿ ಕುಳಿತ ಕನ್ನಡನಾಡಿನ ಕೂಸಿನಂತೆ ತೋರುತ್ತದೆ. ಬೆಟ್ಟದ ಮೇಲೆ ಕೋಟೆ, ಊರಲ್ಲಿ ಶನಿಮಹಾತ್ಮನ ಗುಡಿ, ಸುತ್ತಲೂ ಕಡಲೆಕಾಯಿ ಹೊಲ. ಮಳೆ ಕೈಕೊಟ್ಟ ವರ್ಷ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿನ ದಾರಿ ಹಿಡಿಯುತ್ತಿದ್ದರು.

ಪಟ್ಟಣ ದಾಟಿ ತಿರುಮಣಿಯ ಕಡೆಗೆ ಹೊರಟರೆ ಈಗ ಬೇರೆಯೇ ನೋಟ. ದೂರಕ್ಕೆ ತುಂಬಿದ ಕೆರೆಯಂತೆ ಕಂಡದ್ದು ಹತ್ತಿರ ಬಂದರೆ ಗಾಜಿನ ಫಲಕಗಳ ಸಾಲು! ಸೌರ ಪಾರ್ಕುಗಳನ್ನು ಕಟ್ಟಿಸಲು ಕೇಂದ್ರ ಸರ್ಕಾರವು 2014ರಲ್ಲಿ ಹಾಕಿದ ಯೋಜನೆ ಇಲ್ಲಿ ಸುಮಾರು 13,000 ಎಕರೆಗಳಲ್ಲಿ ಫಲಿಸಿದೆ. 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯ ಸಿದ್ಧವಾಯಿತು. ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲುಮಾಡಿ ಗುತ್ತಿಗೆಗೆ ಪಡೆದರು. ಒಡೆತನ ರೈತನಲ್ಲೇ ಉಳಿಯಿತು. ಇದು ಮೆಚ್ಚತಕ್ಕ ಸಂಗತಿ.

ಆದರೆ ಗುತ್ತಿಗೆಯ ಹಣ ಹೊಲವಿದ್ದವರಿಗೆ ಮಾತ್ರ. ಕಳೆ ಕೀಳುತ್ತ, ಕಡಲೆಕಾಯಿ ಬಿಡಿಸುತ್ತ ದಿನಗೂಲಿ ಪಡೆಯುತ್ತಿದ್ದವರ ಪಾಡೇನು? ಫಲಕ ತೊಳೆಯುವುದು, ಹುಲ್ಲು ಸವರುವುದು, ಕಾವಲು ಕಾಯುವುದು ಎಷ್ಟು ಮಂದಿಗೆ ಕೆಲಸವಾದೀತು?

ಇಂಗಾಲದ ಹೊರೆಯನ್ನು 2070ರೊಳಗೆ ನಿವ್ವಳ ಶೂನ್ಯಕ್ಕೆ ಇಳಿಸುವುದಾಗಿ ಭಾರತ 2021ರಲ್ಲಿ ಮಾತು ಕೊಟ್ಟಿದೆ. ಆದ್ದರಿಂದ ಇಂಥ ಪಾರ್ಕುಗಳು ಇನ್ನೂ ಬರುವುವು, ಬರಲೂ ಬೇಕು. ಆಗ ಕರಾರು ಪತ್ರದಲ್ಲಿ ಹೊಲವಿಲ್ಲದವರಿಗೂ ಒಂದು ಪಾಲು ಬರೆದಿಡುವುದು ನ್ಯಾಯ. ಹೊಟ್ಟೆಪಾಡಿಗಾಗಿ ಊರು ಬಿಡುವುದೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ.